ತೆರಕಣಾಂಬಿಯ ಮಂತ್ರಿಕವಿ

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ದಾರಿಯಲ್ಲಿ, ಗುಂಡ್ಲುಪೇಟೆ ಇನ್ನು ಏಳೆಂಟು ಮೈಲಿ ಇದೆ ಎನ್ನುವಾಗ ತೆರಕಣಾಂಬಿ ಎಂಬ ಊರು ಸಿಕ್ಕುತ್ತದೆ. ಹಳೆಯ ಕೋಟೆಯ ಕುರುಹುಗಳನ್ನೂ ಪ್ರಾಚೀನ ದೇವಾಲಯಗಳನ್ನೂ ಅಲ್ಲಿ ಕಾಣಬಹುದು. ಮುನ್ನೂರು ವರ್ಷಗಳಿಗೂ ಹಿಂದೆ ಮೈಸೂರು ಸಂಸ್ಥಾನಕ್ಕೆ ಒಬ್ಬ ಮಂತ್ರಿಯನ್ನೂ ಕನ್ನಡಕ್ಕೆ ಮೂವತ್ತಕ್ಕೂ ಮಿಗಿಲಾದ ಗ್ರಂಥಗಳನ್ನು ಬರೆದ ಒಬ್ಬ ಲೇಖಕನನ್ನೂ ಕೊಟ್ಟ ಊರು ಇದು. ಆ ಇಬ್ಬರೂ ಒಬ್ಬನೇ. ಅವನೇ ಚಿಕ್ಕುಪಾಧ್ಯಾಯ.

ಇದು ಗಡಿಯ ನಾಡು. ಗುಂಡ್ಲುಪೇಟೆಯಿಂದ ಒಂದು ದಾರಿ ನೀಲಗಿರಿಗೂ ಇನ್ನೊಂದು ವಯನಾಡಿಗೂ ಹೋಗುತ್ತದೆ. ಚಾಮರಾಜನಗರದಿಂದ ಹೊರಟ ಮತ್ತೊಂದು ಘಟ್ಟವಿಳಿದು ಸತ್ಯಮಂಗಲವನ್ನು ಸೇರುತ್ತದೆ. ತಮಿಳು ಮಲೆಯಾಳಗಳು ಇಲ್ಲಿಯ ಕಿವಿಗೆ ಎಂದೂ ಹೊಸವಲ್ಲ. ಶ್ರೀವೈಷ್ಣವ ಮನೆತನದ ಚಿಕ್ಕುಪಾಧ್ಯಾಯನಿಗಂತೂ ಸಂಸ್ಕೃತವು ಶಾಸ್ತ್ರದ ಭಾಷೆ, ತಮಿಳು ಪೂಜೆಯ ಮನೆಯ ಭಾಷೆ. ಹೀಗಿದ್ದೂ ಅವನು ಲೇಖನಿ ಹಿಡಿದದ್ದು ಕನ್ನಡಕ್ಕಾಗಿ.

ಅವನ ಒಡೆಯನಾದ ಚಿಕ್ಕದೇವರಾಜ ಒಡೆಯರು 1673ರಲ್ಲಿ ಪಟ್ಟವೇರಿ 1704ರವರೆಗೆ ಆಳಿದರು. ಅದಕ್ಕೆ ಮುಂಚೆ, ದೊಡ್ಡದೇವರಾಜ ಒಡೆಯರ ಆಳ್ವಿಕೆಯಲ್ಲಿ, ಅವರನ್ನು ಗುಂಡ್ಲುಪೇಟೆಗೆ ಸಮೀಪದ ಹಂಗಳದಲ್ಲಿ ಕಾವಲಿನಲ್ಲಿರಿಸಲಾಗಿತ್ತು. ಅಧಿಕಾರ ಕೈಗೆ ಬಂದ ಮೇಲೆ ಅವರು ಐವರು ಮಂತ್ರಿಗಳ ಸಭೆಯನ್ನು ಕಟ್ಟಿದರು. ಯಳಂದೂರಿನ ವಿಶಾಲಾಕ್ಷ ಪಂಡಿತ, ತಿರುಮಲಾರ್ಯ, ಷಡಕ್ಷರಯ್ಯ, ಕರಣಿಕ ಲಿಂಗಣ್ಣಯ್ಯ, ಇವರೊಡನೆ ಚಿಕ್ಕುಪಾಧ್ಯಾಯ. ಗುಂಡ್ಲುಪೇಟೆಯಲ್ಲಿ ತಂದೆಯ ನೆನಪಿಗೆ ಪರವಾಸುದೇವನ ಗುಡಿಯನ್ನು ಕಟ್ಟಿಸಿದವರೂ ಈ ಅರಸರೇ.

ಹಂಗಳದಿಂದಲೇ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ದಾರಿ ತಿರುಗುವುದು. 1454 ಮೀಟರ್ ಎತ್ತರದ ಆ ಗಿರಿ ಮಂಜು ಮುಸುಕದ ದಿನ ಕಡಮೆ. ಕಾವಲಿನ ದಿನಗಳಲ್ಲಿ ರಾಜಕುಮಾರನ ಕಣ್ಣು ಅತ್ತ ಎಷ್ಟು ಸಾರಿ ಹರಿದಿರಬೇಡ! ಆ ಬೆಟ್ಟಕ್ಕೆ ಕಮಲಾಚಲವೆಂದು ಪೌರಾಣಿಕ ನಾಮ. ಚಿಕ್ಕುಪಾಧ್ಯಾಯನ ಕೃತಿಗಳಲ್ಲಿ ‘ಕಮಲಾಚಲ ಮಾಹಾತ್ಮ್ಯ’ವೂ ಒಂದು. ಶ್ರೀರಂಗ, ಕಂಚಿ, ತಿರುಪತಿಗಳ ಮಹಿಮೆಯನ್ನು ಹೇಳಿದ ಲೇಖನಿಯೇ ತನ್ನ ಹುಟ್ಟೂರಿಗೆ ಹತ್ತಿರದ ಈ ಬೆಟ್ಟವನ್ನೂ ಅವುಗಳ ಸಾಲಿನಲ್ಲಿ ಕೂರಿಸಿತು. ಇಂದು ಬೆಟ್ಟದ ಬುಡದಿಂದ ಸರಕಾರಿ ಬಸ್ಸಿನಲ್ಲಿ ಮೇಲೇರುವ ಸಹಸ್ರಾರು ಯಾತ್ರಿಕರಲ್ಲಿ ಈ ಗ್ರಂಥದ ಹೆಸರು ಕೇಳಿದವರು ಎಷ್ಟು ಮಂದಿಯೋ!

ಆದರೆ ಚಿಕ್ಕುಪಾಧ್ಯಾಯನ ಸಾಹಸವನ್ನು ಅಳೆಯಬೇಕಾದುದು ಬೇರೆಡೆಯಲ್ಲಿ. ನಮ್ಮಾಳ್ವಾರರ ‘ತಿರುವಾಯ್ಮೊಳಿ’ ಸಾವಿರಕ್ಕೂ ಮಿಗಿಲಾದ ತಮಿಳು ಪಾಶುರಗಳ ಗ್ರಂಥ. (ಆ ಹೆಸರಿನ ಕೊನೆಯ ಅಕ್ಷರವನ್ನು ತಮಿಳರು ನುಡಿಯುವಂತೆ ಬರೆಯಲು ಹಳಗನ್ನಡದಲ್ಲಿ ಒಂದು ಲಿಪಿಯಿತ್ತು, ಇವನ ಕಾಲಕ್ಕಾಗಲೇ ಅದು ಬಳಕೆ ತಪ್ಪಿಹೋಗಿತ್ತು.) ಶ್ರೀವೈಷ್ಣವರಿಗೆ ಅದು ವೇದಕ್ಕೆ ಸಮಾನ. ದೇವಾಲಯದಲ್ಲಿ ಗೋಷ್ಠಿ ಅದನ್ನು ಪಾರಾಯಣ ಮಾಡುವಾಗ ಕೈಮುಗಿದು ನಿಂತ ಕನ್ನಡಿಗನಿಗೆ ಭಕ್ತಿ ಉಕ್ಕಬಹುದು, ಅರ್ಥ ದಕ್ಕದು. ಅಂಥವನಿಗಾಗಿ ಚಿಕ್ಕುಪಾಧ್ಯಾಯ ಆ ಮಹಾಗ್ರಂಥಕ್ಕೆ ಕನ್ನಡದಲ್ಲಿ ಟೀಕೆ ರಚಿಸಿದ. ಹನ್ನೆರಡು ಮಂದಿ ಆಳ್ವಾರರ ಕಥೆಯನ್ನು ‘ದಿವ್ಯಸೂರಿ ಚರಿತೆ’ಯಾಗಿ ಹೇಳಿದ. ಪಿಳ್ಳೈ ಲೋಕಾಚಾರ್ಯರು ಸಂಸ್ಕೃತ ಬೆರೆತ ತಮಿಳಿನಲ್ಲಿ ವಿವರಿಸಿದ್ದ ‘ಅರ್ಥಪಂಚಕ’ವನ್ನೂ ಕನ್ನಡಕ್ಕೆ ಕರೆತಂದ. ಸಂಸ್ಕೃತದಿಂದ ವಿಷ್ಣುಪುರಾಣವನ್ನೂ ತಂದ. ಗಿಳಿ ಹೇಳುವ ಎಪ್ಪತ್ತು ಕಥೆಗಳ ‘ಶುಕಸಪ್ತತಿ’ಯನ್ನೂ ಬಿಡಲಿಲ್ಲ. ಮಂತ್ರಿಯೊಬ್ಬ ಅಷ್ಟೊಂದು ಪುರಾಣಗಳ ನಡುವೆ ಇಂಥ ತುಂಟ ಕಥೆಗಳಿಗೂ ಬಿಡುವು ಮಾಡಿಕೊಂಡದ್ದು ಸೊಗಸಾಗಿಯೇ ಇದೆ.

ಪಂಡಿತರಿಗೆ ಚಂಪೂ, ಹಾಡಿಕೊಳ್ಳುವವರಿಗೆ ಸಾಂಗತ್ಯ, ಓದಿ ಹೇಳುವವರಿಗೆ ಗದ್ಯ ಎಂಬಂತೆ ಮೂರು ಬಗೆಯಲ್ಲಿಯೂ ಅವನು ಬರೆದ. ಅರಮನೆಯ ಸಂಚಿಯ ಹೊನ್ನಮ್ಮನಂಥ ಹೆಣ್ಣುಮಗಳು ‘ಹದಿಬದೆಯ ಧರ್ಮ’ವನ್ನು ಸಾಂಗತ್ಯದಲ್ಲಿ ಬರೆದದ್ದು ಇದೇ ಆಸ್ಥಾನದಲ್ಲಿ ಎಂಬುದನ್ನು ನೆನೆದರೆ, ಕನ್ನಡದ ಗಾಳಿ ಅಲ್ಲಿ ಹೇಗೆ ಬೀಸುತ್ತಿತ್ತೆಂದು ಊಹಿಸಬಹುದು.

ಪ್ರತಿಭೆಯ ತಕ್ಕಡಿಯಲ್ಲಿ ತೂಗಿದರೆ ಚಿಕ್ಕುಪಾಧ್ಯಾಯನ ತಟ್ಟೆ ಹೊನ್ನಮ್ಮನದಕ್ಕಿಂತ ಹಗುರವೆಂದೇ ಹೇಳಬೇಕು. ಅವಳ ಒಂದೇ ಕಾವ್ಯ ಇಂದಿಗೂ ಓದುಗರ ನಾಲಗೆಯ ಮೇಲಿದೆ. ಇವನ ಮೂವತ್ತು ಗ್ರಂಥಗಳು ವಿದ್ವಾಂಸರ ಕಪಾಟಿನಲ್ಲಿವೆ. ಮತ್ತೊಬ್ಬರ ಮಾತನ್ನು ಹೊತ್ತು ತರುವವನ ಪಾಡೇ ಅದು: ಸರಕು ಮನೆ ಸೇರಿದ ಮೇಲೆ ಹೊತ್ತವನ ಹೆಸರನ್ನು ಯಾರೂ ಕೇಳುವುದಿಲ್ಲ. ಆರ್. ನರಸಿಂಹಾಚಾರ್ಯರು ‘ಕರ್ಣಾಟಕ ಕವಿಚರಿತೆ’ಗಾಗಿ ಓಲೆಗರಿಗಳನ್ನು ಅರಸದೆ ಹೋಗಿದ್ದರೆ ಅವನ ಗ್ರಂಥಗಳ ಪಟ್ಟಿಯೂ ನಮಗೆ ಸುಲಭವಾಗಿ ದೊರೆಯುತ್ತಿರಲಿಲ್ಲ. 1919ರಲ್ಲಿ ಹೊರಬಂದ ಅದರ ಎರಡನೆಯ ಸಂಪುಟವನ್ನು ತೆರೆದರೆ, ಚಿಕ್ಕದೇವರಾಜರ ಆಸ್ಥಾನದ ಕವಿಗಳ ನಡುವೆ ಈ ತೆರಕಣಾಂಬಿಯವನನ್ನು ಕಾಣಬಹುದು.