ಅಂಚೆಯ ಮನೆಯೂ ಹೆಣ್ಣುಮಕ್ಕಳ ವಿದ್ಯೆಯೂ

ಅಂಚೆಯ ಇಲಾಖೆಯೆಂದರೆ ಕಾಗದಗಳನ್ನು ತಂದುಕೊಡುವ ಏರ್ಪಾಡೆಂದು ಮಾತ್ರವೇ ನಮ್ಮಲ್ಲಿ ಅನೇಕರು ಭಾವಿಸಿರುವರು. ಅದೇ ಮನೆಯು ಬಡವರ ಖಜಾನೆಯೂ, ಹೆಣ್ಣುಮಕ್ಕಳ ವಿದ್ಯೆಗೆ ಆಧಾರವೂ ಆಗಬಲ್ಲದೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ತಿಳಿಸುವುದಕ್ಕಾಗಿ ಈ ಕೆಲವು ಮಾತುಗಳನ್ನು ಬರೆಯುತ್ತೇವೆ.

1854ನೆಯ ಇಸವಿ ಅಕ್ಟೋಬರ್ 1ರಿಂದ, ದೂರವೆಷ್ಟೇ ಇರಲಿ, ಹಗುರವಾದ ಕಾಗದಕ್ಕೆ ಅರ್ಧಾಣೆಯೆಂದು ಬ್ರಿಟಿಷರ ಆಳ್ವಿಕೆಯ ಸೀಮೆಗಳಲ್ಲಿ ಗೊತ್ತಾಯಿತು. ಮೈಸೂರು ಸೀಮೆಯಲ್ಲಿ ಅರಸರದೇ ಆದ ಅಂಚೆಯಿದ್ದು, 1889ರಲ್ಲಿ ಅದು ಇಂಡಿಯಾ ಸರ್ಕಾರದ ಅಂಚೆಯೊಡನೆ ಸೇರಿಹೋಯಿತು. 1880ರಲ್ಲಿ ಮನಿಯಾರ್ಡರೂ, 1882ರಲ್ಲಿ ಉಳಿತಾಯದ ಬ್ಯಾಂಕೂ ಆರಂಭವಾದುವು. ತಂತಿಯ ವರ್ತಮಾನವು 2013ರಲ್ಲಿ ನಿಂತುಹೋಯಿತು, ಅಂಚೆಯಾದರೋ ನಿಲ್ಲಲಿಲ್ಲ. ಈಗ ದೇಶದಲ್ಲಿ ಒಂದು ಲಕ್ಷ ಅರವತ್ತು ಸಾವಿರಕ್ಕೂ ಮೇಲ್ಪಟ್ಟು ಅಂಚೆ ಕಛೇರಿಗಳಿದ್ದು, ಅವುಗಳಲ್ಲಿ ಹೆಚ್ಚಿನವು ಹಳ್ಳಿಗಳಲ್ಲಿಯೇ ಇರುವುವು.

ಮೊದಲು ಕಾಗದದ ವಿಷಯ. ವಿಳಾಸದ ಕೊನೆಯಲ್ಲಿ ಬರೆಯತಕ್ಕ ಆರು ಅಂಕಿಗಳ ಪಿನ್‌ಕೋಡು 1972ನೆಯ ಆಗಸ್ಟ್ 15ರಂದು ಜಾರಿಗೆ ಬಂತು. ಮೊದಲ ಮೂರು ಅಂಕಿಗಳು ಕಾಗದವನ್ನು ವಿಂಗಡಿಸುವ ಜಿಲ್ಲೆಯನ್ನೂ, ಉಳಿದ ಮೂರು ಬಟವಾಡೆಯ ಕಛೇರಿಯನ್ನೂ ಸೂಚಿಸುವುವು. ಒಂದಂಕಿ ತಪ್ಪಿದರೂ ಕಾಗದವು ದಾರಿತಪ್ಪಬಹುದು. ಸರ್ಟಿಫಿಕೇಟು ಮೊದಲಾದ ಬೆಲೆಯುಳ್ಳ ಕಾಗದಗಳನ್ನು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ, ರಸೀದಿಯನ್ನು ಜೋಪಾನವಾಗಿಡತಕ್ಕದ್ದು. ಹಿಂದಿನ ರಿಜಿಸ್ಟರ್ಡ್ ಪೋಸ್ಟು 2025ರಲ್ಲಿ ಇದರಲ್ಲಿಯೇ ಸೇರಿಹೋಯಿತು.

ಇನ್ನು ಮುಖ್ಯವಾದ ವಿಷಯಕ್ಕೆ ಬರುವೆವು. ಹತ್ತನೆಯ ತರಗತಿಯಲ್ಲಿ ಚೆನ್ನಾಗಿ ತೇರ್ಗಡೆಯಾದ ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, “ಮುಂದಕ್ಕೆ ಓದಿಸಲು ಕೈಯಲ್ಲಿ ಹಣವಿಲ್ಲ, ಅಮ್ಮಾ” ಎಂದು ತಲೆತಗ್ಗಿಸಿದ ತಂದೆಯರನ್ನು ನಾವು ಒಂದಕ್ಕಿಂತ ಹೆಚ್ಚು ಸಲ ಕಂಡಿರುವೆವು. ಅವರಿಗೆ ಪ್ರೀತಿಯ ಕೊರತೆಯಿರಲಿಲ್ಲ, ಮುಂಚಿತವಾಗಿ ತಿಳಿಸಿದವರಿರಲಿಲ್ಲ.

2015ರಲ್ಲಿ ಆರಂಭವಾದ ಸುಕನ್ಯಾ ಸಮೃದ್ಧಿ ಖಾತೆಯನ್ನು ಹೆಣ್ಣುಮಗುವಿನ ಹೆಸರಿನಲ್ಲಿ ತಂದೆತಾಯಿಗಳು ಅಂಚೆ ಕಛೇರಿಯಲ್ಲಿ ತೆರೆಯಬಹುದು. ವರ್ಷಕ್ಕೆ 250 ರೂಪಾಯಿಗೆ ಕಡಿಮೆಯಿಲ್ಲದಂತೆ, ಒಂದೂವರೆ ಲಕ್ಷಕ್ಕೆ ಮೀರದಂತೆ, 15 ವರ್ಷ ಹಣ ಕಟ್ಟತಕ್ಕದ್ದು. ತೆರೆದ 21 ವರ್ಷಕ್ಕೆ ಖಾತೆಯು ಪೂರ್ಣವಾಗುವುದು. ಆದರೆ ಮಗಳು ಹತ್ತನೆಯ ತರಗತಿ ತೇರ್ಗಡೆಯಾದರೆ, ಇಲ್ಲವೆ 18 ವರ್ಷ ತುಂಬಿದರೆ, ಹಿಂದಿನ ಆರ್ಥಿಕ ವರ್ಷದ ಕೊನೆಗಿದ್ದ ಮೊತ್ತದಲ್ಲಿ ಅರ್ಧದವರೆಗೆ ಮೇಲಿನ ವಿದ್ಯೆಗಾಗಿ ತೆಗೆದುಕೊಳ್ಳಬಹುದು. ಆ ತಂದೆಯರಿಗೆ ಬೇಕಾಗಿದ್ದ ಸಹಾಯವು ಇದೇ ಅಲ್ಲವೇ?

ಒಂದು ನಿಬಂಧನೆಯನ್ನು ಮರೆಯಬಾರದು. ಮಗುವಿಗೆ ಹತ್ತು ವರ್ಷ ತುಂಬುವುದರೊಳಗಾಗಿ ಖಾತೆಯನ್ನು ತೆರೆಯಬೇಕು. ಹೈಸ್ಕೂಲಿಗೆ ಸೇರಿಸುವಾಗ ನಮ್ಮನ್ನು ವಿಚಾರಿಸಿದರೆ ಕಾಲ ಮೀರಿರುವುದು. ಅಂಥ ಹುಡುಗಿಯರಿಗೂ ದಾರಿಯುಂಟು: ಹತ್ತು ವರ್ಷ ದಾಟಿದವಳು 500 ರೂಪಾಯಿಯಿಂದ ತನ್ನ ಹೆಸರಿನಲ್ಲಿಯೇ ಉಳಿತಾಯದ ಖಾತೆ ತೆರೆದು, ತಾನೇ ರುಜು ಹಾಕಿ ನಡೆಸಬಹುದು. ತಿಂಗಳಿಗೆ 100 ರೂಪಾಯಿಯಿಂದ ಐದು ವರ್ಷ ಕಟ್ಟುವ ಆವರ್ತ ಠೇವಣಿಯೂ ಇದೆ.

ಈಗ ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರೇ, ಮಗಳ ಮದುವೆಗೆಂದು ಬಂಗಾರ ಕೂಡಿಡುವುದು ನಮ್ಮ ಮನೆಗಳ ರೂಢಿ. ಅವಳ ವಿದ್ಯೆಗೆಂದು ಒಂದು ಪಾಸುಪುಸ್ತಕವೂ ಆ ಪೆಟ್ಟಿಗೆಯಲ್ಲಿರಲಿ. ತೊಟ್ಟಿಲಲ್ಲಿ ಹೆಣ್ಣುಮಗುವಿರುವ ಮನೆಗೆ ಹೋದಾಗ ಈ ಮಾತನ್ನು ತಿಳಿಸಿಬರುವಿರೆಂದು ನಂಬುತ್ತೇವೆ.