ನಿಮಗಿದು ಗೊತ್ತೆ? ‘ವಾರ್ಧಕ’ ಎಂದರೇನು?

ತುಮಕೂರಿನ ಉಪ್ಪಾರಹಳ್ಳಿಯಿಂದ ಗುಬ್ಬಿಗೆ ಸುಮಾರು 20 ಕಿ.ಮೀ. ಅಲ್ಲಿಯ ಕವಿ ಮಲ್ಲಣಾರ್ಯ 1513ರ ವೇಳೆಗೆ ‘ಭಾವಚಿಂತಾರತ್ನ’ ಕಾವ್ಯವನ್ನು ಬರೆದದ್ದು ವಾರ್ಧಕ ಷಟ್ಪದಿಯಲ್ಲಿ.

● ಸಂಸ್ಕೃತದಲ್ಲಿ ‘ವಾರ್ಧಕ’ ಎಂದರೆ ಮುಪ್ಪು. ‘ವೃದ್ಧ’ ಶಬ್ದದಿಂದ ಹುಟ್ಟಿದ್ದು. ‘ವೃದ್ಧ’ದ ಮೂಲಾರ್ಥ ‘ಬೆಳೆದದ್ದು’.

● ಷಟ್ಪದಿ ಎಂದರೆ ಆರು ಪಾದಗಳ ಪದ್ಯ. ಆರು ಕಾಲಿನ ದುಂಬಿಗೂ ‘ಷಟ್ಪದ’ ಎಂಬ ಹೆಸರಿದೆ.

● ಶರ, ಕುಸುಮ, ಭೋಗ, ಭಾಮಿನಿ, ಪರಿವರ್ಧಿನಿ, ವಾರ್ಧಕ – ಇವು ಷಟ್ಪದಿಯ ಆರು ಬಗೆ. ಶರದಲ್ಲಿ 60 ಮಾತ್ರೆ (ಉಚ್ಚಾರಣೆಯ ಕಾಲದ ಅಳತೆ), ಭಾಮಿನಿಯಲ್ಲಿ 102, ವಾರ್ಧಕದಲ್ಲಿ 144. ಆರರಲ್ಲಿ ಇದೇ ಹಿರಿಯದು.

● ವಾರ್ಧಕದ 1, 2, 4, 5ನೇ ಸಾಲುಗಳಲ್ಲಿ ಐದು ಮಾತ್ರೆಯ 4 ಗಣಗಳು (ಗುಂಪುಗಳು). 3 ಮತ್ತು 6ನೇ ಸಾಲುಗಳಲ್ಲಿ ಅಂಥ 6 ಗಣಗಳು, ಕೊನೆಗೊಂದು ಗುರು (ಎರಡು ಮಾತ್ರೆಯ ಅಕ್ಷರ).

● ಬೆರಳು ಮಡಚಿ ಎಣಿಸಿ: ತು (1), ಮ (1), ಕೂ (2), ರು (1) – ಒಟ್ಟು ಐದು! ‘ಕುಣಿಗಲ್ಲು’ ಎಂದರೂ ಐದೇ, ‘ಉಪ್ಪಾರ’ ಎಂದರೂ ಐದೇ. ‘ತುಮಕೂರು’ ಎಂದು ನಾಲ್ಕು ಸಲ ಹೇಳಿದರೆ ವಾರ್ಧಕದ ಒಂದು ಚಿಕ್ಕ ಸಾಲಿನ ನಡೆ ಕಿವಿಗೆ ಸಿಕ್ಕಿಬಿಡುತ್ತದೆ.

● ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’, ಲಕ್ಷ್ಮೀಶನ ‘ಜೈಮಿನಿ ಭಾರತ’ ಇದೇ ಛಂದಸ್ಸಿನವು.

ಹೆಸರು ಮುಪ್ಪಿನದಾದರೂ ಈ ನಡೆಗೆ ಮುಪ್ಪಿಲ್ಲ. ಮನೆಯ ಮಕ್ಕಳಿಗೆ ಈ ಪದ್ಯಗಳನ್ನು ಗಟ್ಟಿಯಾಗಿ ಓದಿಸಿ. ಲಯ ತಾನಾಗಿಯೇ ನಾಲಿಗೆಗೆ ಹತ್ತುತ್ತದೆ.