ಕಾರ್ಖಾನೆಯಲ್ಲಿ ಮನೋಭಾವದ ಹುಟ್ಟು ಮತ್ತು ಮಾರ್ಪಾಟು

ಕೈಗವಸು ತೊಡದೆ ಆಮ್ಲದ ಪೀಪಾಯಿಯನ್ನು ಮುಟ್ಟುವ ಕಾರ್ಮಿಕನನ್ನು ಅಜ್ಞಾನಿಯೆನ್ನುವುದು ಸುಲಭ. ಆದರೆ ಅವನಿಗೆ ಅಪಾಯದ ಅರಿವು ಇಲ್ಲದಿಲ್ಲ. ನೂರು ಸಲ ಮುಟ್ಟಿಯೂ ಏನೂ ಆಗಲಿಲ್ಲವೆಂಬ ಅನುಭವ, ಹಿರಿಯ ಕೆಲಸಗಾರರ ರೂಢಿ, ಗವಸು ತೊಟ್ಟವನು ಪುಕ್ಕಲನೆಂಬ ಹಾಸ್ಯ, ಇವುಗಳಿಂದ ಅವನ ಮನೋಭಾವವು ರೂಪುಗೊಂಡಿರುತ್ತದೆ. ಗವಸು ಹುಡುಕುವಷ್ಟರಲ್ಲಿ ಉತ್ಪನ್ನದ ಲೆಕ್ಕ ತಪ್ಪುವುದಾದರೆ, ಮೇಲ್ವಿಚಾರಕನ ಮೌನವೂ ಸಮ್ಮತಿಯೇ ಆಗುತ್ತದೆ.

ಡೊಂಬಿವಲಿಯಲ್ಲಿ ಇದು ಬರಿಯ ಪುಸ್ತಕದ ವಿಚಾರವಲ್ಲ. 2016ರ ಮೇ 26ರಂದು ಅಲ್ಲಿಯ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ, 2024ರ ಮೇ 23ರಂದು ಇನ್ನೊಂದರಲ್ಲಿ ಸ್ಫೋಟವಾಗಿ ಹಲವರು ಮಡಿದರು. ದೂರದ ಮನೆಗಳ ಕಿಟಕಿಗಳೂ ಒಡೆದವು. ಇಂತಹ ಅನಾಹುತದ ಹೊಣೆಯನ್ನು ಕಾರ್ಮಿಕನ ಮನೋಭಾವದ ಮೇಲೆ ಹೊರಿಸುವುದು ಅನ್ಯಾಯ. ಯಂತ್ರದ ದೋಷವನ್ನು ಉಪದೇಶವು ಸರಿಪಡಿಸಲಾರದು.

ಉಪದೇಶದಿಂದ ಮನಸ್ಸು ತಾನೆ ಎಷ್ಟು ಬದಲಾದೀತು? ಕಾಕ್ ಮತ್ತು ಫ್ರೆಂಚ್ ಎಂಬ ವಿದ್ವಾಂಸರು ಅಮೆರಿಕದ ವರ್ಜೀನಿಯಾದ ಪೈಜಾಮ ಕಾರ್ಖಾನೆಯೊಂದರಲ್ಲಿ ನಡೆಸಿದ ಪ್ರಯೋಗವನ್ನು 1948ರಲ್ಲಿ ಪ್ರಕಟಿಸಿದರು. ಕೆಲಸದ ಹೊಸ ಕ್ರಮವನ್ನು ಆಜ್ಞೆಯ ಮೂಲಕ ತಿಳಿಸಿದ ತಂಡದಲ್ಲಿ ಉತ್ಪನ್ನ ಕುಸಿಯಿತು, ಕೆಲವರು ಕೆಲಸವನ್ನೇ ಬಿಟ್ಟರು. ಕೆಲಸಗಾರರೆಲ್ಲ ಕೂಡಿ ಕ್ರಮವನ್ನು ರೂಪಿಸಿದ ತಂಡಗಳಾದರೋ ಬೇಗನೆ ಚೇತರಿಸಿಕೊಂಡು ಹಿಂದಿನ ಮಟ್ಟವನ್ನೂ ಮೀರಿದವು.

ಭೋಪಾಲದ ದುರಂತದ ತರುವಾಯ, 1987ರಲ್ಲಿ ಕಾರ್ಖಾನೆಗಳ ಅಧಿನಿಯಮಕ್ಕೆ ಆದ ತಿದ್ದುಪಡಿಯು ಅಪಾಯಕರ ಉದ್ಯಮಗಳಲ್ಲಿ ಕಾರ್ಮಿಕರೂ ಆಡಳಿತದವರೂ ಸಮಸಂಖ್ಯೆಯಲ್ಲಿರುವ ಸುರಕ್ಷತಾ ಸಮಿತಿಯನ್ನು ವಿಧಿಸಿತು. ಸಹಿಗಾಗಿ ಮಾತ್ರ ಸೇರುವ ಸಮಿತಿಯಿಂದ ಪ್ರಯೋಜನವಿಲ್ಲ. ಗುತ್ತಿಗೆಯ ಕೆಲಸಗಾರನೊಬ್ಬನು ಅಲ್ಲಿ ಕುಳಿತು, ತನಗೆ ಬರುವ ಭಾಷೆಯಲ್ಲಿ, ಕವಾಟ ಸೋರುತ್ತಿದೆಯೆಂದು ಹೇಳಿ, ಮರುದಿನವೇ ಅದು ದುರಸ್ತಿಯಾದುದನ್ನು ಕಂಡರೆ, ಗವಸಿನ ಬಗೆಗೂ ಅವನು ಬೇರೆಯಾಗಿ ಯೋಚಿಸತೊಡಗುವುದು ಸಂಭವ.